ಪೀಠಿಕೆ ಬೇಡ ಅಂದವರು: ಮುದ್ದುಪಳನಿ, ನಾಗರತ್ನಮ್ಮ ಮತ್ತು ನಮ್ಮ ಇಪ್ಪತ್ತೈದು ನಿಮಿಷ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದವರು ಸೆಮಿನಾರ್ ಹಾಲ್‌ನಲ್ಲಿ ಒಂದು ಕಿರುನಾಟಕ ಆಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೈಕ್ ಎರಡು ಸಲ ಕೈಕೊಟ್ಟಿತ್ತು, ತಂಜಾವೂರಿನ ಅರಮನೆ ಅಂತ ಹಾಕಿದ್ದ ಪರದೆ ಹಿಂದೆ ಪ್ರೊಜೆಕ್ಟರ್ ಸ್ಕ್ರೀನ್ ಇಣುಕ್ತಾ ಇತ್ತು. ನಾಟಕದಲ್ಲಿ ಇಬ್ಬರು ಹೆಂಗಸರು. ಒಬ್ಬಳು ಹದಿನೆಂಟನೇ ಶತಮಾನದ ಕವಿ ಮುದ್ದುಪಳನಿ. ಇನ್ನೊಬ್ಬರು ಆ ಕವಿಯ ಪುಸ್ತಕವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಬೆಂಗಳೂರು ನಾಗರತ್ನಮ್ಮ. ಕೊನೆಯಲ್ಲಿ ಒಂದು ಗೂಗಲ್ ಫಾರ್ಮ್ ಕಳಿಸಿದ್ವಿ, ಅನಿಸಿದ್ದನ್ನು ಬರೀರಿ ಅಂತ.

ಬಂದ ಅಭಿಪ್ರಾಯಗಳಲ್ಲಿ ಒಳ್ಳೇವೂ ಇದ್ದವು. ಆದರೆ ತುಂಬ ಜನ ನಾಟಕದ ಬಗ್ಗೆ ಏನೂ ಹೇಳದೆ, ಸ್ಕ್ರಿಪ್ಟ್ ಬರೆದ ನಮ್ಮ ಗೆಳತಿಯ ಬಗ್ಗೆ ಬರೆದಿದ್ದರು. 'ಹುಡುಗಿ ಬರೀಬೇಕಾದ ಸಬ್ಜೆಕ್ಟಾ ಇದು?' ಅಂತ ಒಂದು. 'ಇಷ್ಟೆಲ್ಲ ಹೇಗೆ ಗೊತ್ತು ಇವಳಿಗೆ' ಅಂತ ಇನ್ನೊಂದು, ಪಕ್ಕದಲ್ಲಿ ನಗುವ ಇಮೋಜಿ. ಹೆಸರು ಹಾಕಬೇಕಾಗಿಲ್ಲದ ಫಾರ್ಮ್ ಅದು, ಯಾರು ಬರೆದರೋ ಗೊತ್ತಿಲ್ಲ. ಅವಳು ಎಲ್ಲವನ್ನೂ ಓದಿದಳು. ಫಾರ್ಮ್ ಮಾಡಿದ್ದು ನಾವೇ, ಲಿಂಕ್ ಅವಳ ಹತ್ತಿರವೂ ಇತ್ತು, ಮೊದಲೇ ನೋಡಿ ತೆಗೆಯುವ ಬುದ್ಧಿ ನಮಗೆ ಬರಲಿಲ್ಲ.

ಆಮೇಲೆ ನಾವು ಕೂತು ಓದಿದಾಗ ಗೊತ್ತಾಗಿದ್ದೇನೆಂದರೆ, ಈ ಎರಡು ಕಾಮೆಂಟುಗಳಿಗೆ ನೂರು ವರ್ಷಕ್ಕಿಂತ ಹಳೆಯ ಇತಿಹಾಸ ಇದೆ. ನಾವು ನಾಟಕ ಮಾಡಿದ ಪುಸ್ತಕಕ್ಕೇ ಇದೇ ಆಗಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳೋಣ ಅಂತ ಈ ಬರಹ. ಇಂಗ್ಲಿಷ್ ಮೀಡಿಯಂ ಮಕ್ಕಳು ಬರೆದದ್ದು, ಕನ್ನಡ ಎಲ್ಲಾದರೂ ಎಡವಿದರೆ ತಿದ್ದಿಕೊಂಡು ಓದಿ.

ಮೊದಲು ಕವಿಯ ವಿಷಯ. ಮುದ್ದುಪಳನಿ ಇದ್ದದ್ದು ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ. ಅವನು ಆಳಿದ್ದು 1739ರಿಂದ 1763ರ ತನಕ. ಊರು ತಮಿಳುನಾಡಿನದು, ದೊರೆ ಮರಾಠಿಯವನು, ಆಸ್ಥಾನದ ಕಾವ್ಯ ತೆಲುಗಿನದು. ನಮ್ಮ ಹಾಸ್ಟೆಲ್ ಮೆಸ್ ಥರ. ಆಕೆ ಆಸ್ಥಾನದ ಗಣಿಕೆ. ಆ ಕಾಲದಲ್ಲಿ ಹಾಡು, ನೃತ್ಯದ ಜೊತೆ ಸಂಸ್ಕೃತ, ತೆಲುಗು ಕಾವ್ಯಗಳನ್ನು ಗುರುಗಳ ಹತ್ತಿರ ಕೂತು ಓದಲು ಸಾಧ್ಯವಿದ್ದ ಹೆಂಗಸರೆಂದರೆ ಹೆಚ್ಚಾಗಿ ಇವರೇ. ಸಂಸಾರಸ್ಥ ಮನೆಯ ಹೆಂಗಸರಿಗೆ ಆ ಅವಕಾಶ ಇರಲಿಲ್ಲ. ಆಂಡಾಳ್‌ಳ ತಿರುಪ್ಪಾವೈಯನ್ನು ಆಕೆ ತೆಲುಗಿಗೆ ತಂದಿದ್ದಾಳೆ. ಆದರೆ ಹೆಸರು ಉಳಿದದ್ದು 'ರಾಧಿಕಾ ಸಾಂತ್ವನಮು' ಅನ್ನುವ ಕಾವ್ಯದಿಂದ. ನಾಲ್ಕು ಭಾಗ, 584 ಪದ್ಯಗಳು.

ಕಥೆ ಕೇಳಿದರೆ ಸರಳ. ರಾಧೆ ಇಳೆ ಎಂಬ ಹುಡುಗಿಯನ್ನು ಸಾಕಿ ಬೆಳೆಸಿ, ಕೃಷ್ಣನಿಗೆ ತಾನೇ ಮದುವೆ ಮಾಡಿಸುತ್ತಾಳೆ. ಮದುವಣಗಿತ್ತಿಗೆ ಬುದ್ಧಿ ಹೇಳುತ್ತಾಳೆ, ಮದುಮಗನಿಗೂ ಹೇಳುತ್ತಾಳೆ. ಆಮೇಲೆ ಅವರಿಬ್ಬರೂ ಚೆನ್ನಾಗಿದ್ದಾರೆ ಅಂತ ಗೊತ್ತಾದಾಗ ಅವಳಿಗೆ ತಡೆಯಲಾಗುವುದಿಲ್ಲ. ಕೃಷ್ಣನನ್ನು ಅವಳೂ ಬಯಸಿದವಳು. ಹೊಟ್ಟೆ ಉರಿ, ಸಿಟ್ಟು, ಅವಮಾನ ಎಲ್ಲ ಸೇರಿ ಅವನನ್ನು ಹತ್ತಿರ ಬರಬೇಡ ಅನ್ನುತ್ತಾಳೆ. ಕೃಷ್ಣ ಬಂದು ಸಮಾಧಾನ ಮಾಡುತ್ತಾನೆ. ಅದೇ ಸಾಂತ್ವನ. ಶೃಂಗಾರ ಇದೆ, ಮುಚ್ಚುಮರೆ ಇಲ್ಲದೆ ಇದೆ. ಆದರೆ ತೆಲುಗಿನಲ್ಲೂ ಸಂಸ್ಕೃತದಲ್ಲೂ ಶೃಂಗಾರ ಬರೆದ ಗಂಡಸರು ಲೆಕ್ಕವಿಲ್ಲದಷ್ಟಿದ್ದಾರೆ. ಇಲ್ಲಿ ಬೇರೆ ಆಗಿರುವುದು ಒಂದು ವಿಷಯ: ಬಯಸುವವಳು ಹೆಂಗಸು, ಕೇಳಿ ಪಡೆಯುವವಳು ಹೆಂಗಸು, ಅದರಲ್ಲೂ ಹದಿಹರೆಯದ ನಾಯಕಿ ಅಲ್ಲ, ಒಬ್ಬ ಹುಡುಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು.

ಈಗ ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಪರಂಪರೆಯವರು. ಮೈಸೂರಿನಲ್ಲಿ ಮಗಳಿಗೆ ಸಂಸ್ಕೃತ, ಸಂಗೀತ ಕಲಿಸುತ್ತಿದ್ದ ಗುರುಗಳ ಜೊತೆ ವಿರಸ ಬಂತು, ತಾಯಿ ಮಗಳು ಊರು ಬಿಟ್ಟರು. ಆಮೇಲೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪ ಎಂಬ ಪಿಟೀಲು ವಿದ್ವಾಂಸರ ಹತ್ತಿರ ಪಾಠ. ಹದಿನಾಲ್ಕರ ಹೊತ್ತಿಗೆ ತಾಯಿ ತೀರಿಕೊಂಡರು. ನಮ್ಮ ಫಸ್ಟ್ ಇಯರ್‌ನವರಿಗಿಂತ ನಾಲ್ಕು ವರ್ಷ ಚಿಕ್ಕವರು ಆಗ.

ಅವರಿಗೂ ನಮ್ಮ ಏರಿಯಾಗೂ ಒಂದು ನಂಟು ಇದೆ. ಬಸವನಗುಡಿಯಿಂದ ಹನುಮಂತನಗರದ ಕಡೆ ಹೋದರೆ ಮೌಂಟ್ ಜಾಯ್ ಅಂತ ಒಂದು ಗುಡ್ಡ. ಮೇಲೆ ಕುಮಾರಸ್ವಾಮಿ ದೇವಸ್ಥಾನ ಇದೆ, ಪರೀಕ್ಷೆ ಹಿಂದಿನ ದಿನ ನಮ್ಮಲ್ಲಿ ಕೆಲವರು ತಪ್ಪದೆ ಹೋಗುವ ಜಾಗ. ಹಳಬರು ಅದನ್ನು ನರಹರಿರಾಯನ ಗುಡ್ಡ ಅನ್ನುತ್ತಾರೆ. ಆ ನರಹರಿರಾಯರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು, ನಾಗರತ್ನಮ್ಮನವರ ಸಂಗೀತಕ್ಕೆ ಆಶ್ರಯವಾಗಿ ನಿಂತವರು. ಅಷ್ಟು ಸಲ ಮೆಟ್ಟಿಲು ಹತ್ತಿದ್ದೀವಿ, ಇದು ಗೊತ್ತೇ ಇರಲಿಲ್ಲ. ಹೆಸರಿನ ಹಿಂದೆ 'ಬೆಂಗಳೂರು' ಇರುವ ಈ ಗಾಯಕಿಯ ಬಗ್ಗೆ ಬೆಂಗಳೂರಿನ ಕಾಲೇಜಿನಲ್ಲಿ ಓದುವ ನಾವು ಕೇಳಿದ್ದೇ ಹತ್ತೊಂಬತ್ತನೇ ವಯಸ್ಸಿನಲ್ಲಿ.

ಮುಂದೆ ಅವರು ಮದ್ರಾಸಿಗೆ ಹೋಗಿ ದೊಡ್ಡ ಹೆಸರು ಮಾಡಿದರು. ಅಲ್ಲಿ ತಂಜಾವೂರು ಕಾಲದ ತೆಲುಗು ಸಾಹಿತ್ಯ ಓದುವಾಗ ಮುದ್ದುಪಳನಿಯ ಹೆಸರು ಸಿಕ್ಕಿತು. ಪುಸ್ತಕ ಹುಡುಕಿದರು. ಸಿಕ್ಕಿದ್ದು 1887ರಲ್ಲಿ ಪೈಡಿಪಾಟಿ ವೆಂಕಟನರಸು ಎಂಬ ಪಂಡಿತರು ತಂದಿದ್ದ ಮುದ್ರಣ. ಇವರು ಸಿ.ಪಿ. ಬ್ರೌನ್ ಜೊತೆ ಕೆಲಸ ಮಾಡಿದವರು. ಕಿಟ್ಟೆಲ್ ಕನ್ನಡಕ್ಕೆ ನಿಘಂಟು ಮಾಡಿದ ಹಾಗೆ ತೆಲುಗಿಗೆ ಮಾಡಿದವರು ಬ್ರೌನ್. ನಾಗರತ್ನಮ್ಮ ಅಷ್ಟಕ್ಕೇ ಬಿಡದೆ ಹಸ್ತಪ್ರತಿಯನ್ನೂ ಸಂಪಾದಿಸಿ, ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿದರು. ಅಚ್ಚಾದ ಪುಸ್ತಕದಲ್ಲಿ ಹಲವು ಪದ್ಯಗಳೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಶೃಂಗಾರದ ಪದ್ಯಗಳನ್ನು ತೆಗೆದಿರುತ್ತಾರೆ ಅಂತ ಯಾರಾದರೂ ಊಹಿಸಬಹುದು, ಕೆಲವನ್ನು ತೆಗೆದಿದ್ದರು ಕೂಡ. ಆದರೆ ಜೊತೆಗೆ ಪೀಠಿಕೆಯನ್ನೂ, ಕೊನೆಯ ಗದ್ಯವನ್ನೂ ತೆಗೆದಿದ್ದರು. ಪೀಠಿಕೆಯಲ್ಲಿ ಅಶ್ಲೀಲ ಅನ್ನುವಂಥದ್ದು ಏನೂ ಇಲ್ಲ. ಅದರಲ್ಲಿ ಇರುವುದು ಮುದ್ದುಪಳನಿ ತಾನು ಯಾರು ಅಂತ ಹೇಳಿಕೊಳ್ಳುವ ಮಾತು. ಹಳೆಯ ಕಾವ್ಯಗಳಲ್ಲಿ ಕವಿ ತನ್ನ ವಂಶ, ಗುರು, ದೊರೆ ಇವರ ವಿಷಯ ಮೊದಲಿಗೆ ಹೇಳುವುದು ವಾಡಿಕೆ, ಪಿಯುಸಿಯಲ್ಲಿ ಕನ್ನಡ ತಗೊಂಡವರಿಗೆ ಗೊತ್ತಿರುತ್ತೆ. ಮುದ್ದುಪಳನಿಯ ವಂಶಾವಳಿಯಲ್ಲಿ ಅಜ್ಜಿ ತಂಜನಾಯಕಿ ಬರುತ್ತಾಳೆ. ಆಮೇಲೆ ತನ್ನ ಬಗ್ಗೆ ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಾಳೆ: ವಿದ್ವಾಂಸರಿಗೆ ದುಡ್ಡು, ಉಡುಗೊರೆ ಕೊಟ್ಟು ಸನ್ಮಾನಿಸಿದ, ತನ್ನ ಹೆಸರಿಗೇ ಕಾವ್ಯಗಳನ್ನು ಅರ್ಪಿಸಿಕೊಂಡ ಹೆಂಗಸು ತನ್ನಂತೆ ಇನ್ನೊಬ್ಬಳು ಯಾರಿದ್ದಾಳೆ ಎಂಬ ಅರ್ಥದಲ್ಲಿ. ಗಂಡು ಕವಿ ಹೀಗೆ ಬರೆದರೆ ಅದನ್ನು ಆತ್ಮಪ್ರಶಂಸೆಯ ಸಂಪ್ರದಾಯ ಅಂತ ಟಿಪ್ಪಣಿ ಹಾಕಿ ಮುಂದೆ ಹೋಗುತ್ತಾರೆ. ಇಲ್ಲಿ ಆ ಭಾಗವೇ ಮಾಯ.

ನಾಗರತ್ನಮ್ಮ ಎಲ್ಲವನ್ನೂ ಮರಳಿ ಸೇರಿಸಿ, ಪಾಠ ತಿದ್ದಿ, ತಮ್ಮ ಮುನ್ನುಡಿಯನ್ನೂ ಬರೆದು, 1910ರಲ್ಲಿ ಮದ್ರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಪ್ರಕಟಿಸಿದರು. ಕನ್ನಡ ನಾಡಿನಲ್ಲಿ ಹುಟ್ಟಿದ ಹೆಂಗಸು, ತಮಿಳರ ಊರಿನಲ್ಲಿ ಕೂತು, ತೆಲುಗು ಕಾವ್ಯದ ಶುದ್ಧಪ್ರತಿ ತಂದದ್ದು. ಇಷ್ಟು ರಸವತ್ತಾದ ಪುಸ್ತಕ, ಅದೂ ಒಬ್ಬ ಹೆಂಗಸು, ಅದರಲ್ಲೂ ತಮ್ಮ ಕುಲದವಳೇ ಬರೆದದ್ದು, ಹಾಗಾಗಿ ಪ್ರಕಟಿಸದೆ ಇರಲಾಗಲಿಲ್ಲ ಅಂತ ಮುನ್ನುಡಿಯಲ್ಲಿ ಕಾರಣ ಕೊಟ್ಟಿದ್ದಾರೆ.

ವಿಮರ್ಶೆ ಬಂತು. 'ಶಶಿಲೇಖ' ಎಂಬ ತೆಲುಗು ಪತ್ರಿಕೆಯ ಮಾತಿನ ಸಾರಾಂಶ ಇಷ್ಟು: ವೇಶ್ಯೆಯೊಬ್ಬಳು ಬರೆದಳು, ವೇಶ್ಯೆಯೊಬ್ಬಳು ಸಂಪಾದಿಸಿದಳು. ಪಾಠ ಸರಿಯಿದೆಯೇ, ಸೇರಿಸಿದ ಪದ್ಯಗಳು ಕವಿಯವೇ, ಛಂದಸ್ಸು ಹೇಗಿದೆ ಎಂದು ಕೇಳುವ ಗೋಜಿಗೇ ಹೋಗದ ಮಾತು ಇದು. ನಮ್ಮ ಫಾರ್ಮ್‌ನಲ್ಲಿ ಬಂದದ್ದಕ್ಕೂ ಇದಕ್ಕೂ ಇಮೋಜಿ ಒಂದೇ ವ್ಯತ್ಯಾಸ.

ಇದಕ್ಕಿಂತ ನಮಗೆ ತಲೆಕೆಡಿಸಿದ್ದು ಕಂದುಕೂರಿ ವೀರೇಶಲಿಂಗಂ ಅವರ ಅಭಿಪ್ರಾಯ. ಇವರು ಸಣ್ಣವರಲ್ಲ. ಆಧುನಿಕ ತೆಲುಗು ಗದ್ಯದ ದೊಡ್ಡ ಹೆಸರು. 1881ರಲ್ಲಿ ರಾಜಮಂಡ್ರಿಯಲ್ಲಿ ವಿಧವಾ ವಿವಾಹ ಮಾಡಿಸಿ ಊರಿನ ವಿರೋಧ ಕಟ್ಟಿಕೊಂಡವರು. ಹೆಣ್ಣುಮಕ್ಕಳು ಓದಬೇಕು ಎಂದು ಹೋರಾಡಿದವರು. ಅವರೇ ತೆಲುಗು ಕವಿಗಳ ಚರಿತ್ರೆಯಲ್ಲಿ ಮುದ್ದುಪಳನಿಯ ಬಗ್ಗೆ ಬರೆಯುವಾಗ, ಕವಿತೆ ಮೃದು ಮಧುರವಾಗಿದೆ, ಸಂಸ್ಕೃತ ತೆಲುಗು ಎರಡರಲ್ಲೂ ಪಾಂಡಿತ್ಯ ಇದೆ ಎಂದು ಒಪ್ಪಿಕೊಳ್ಳುತ್ತಾರೆ. ಅದೇ ಉಸಿರಿನಲ್ಲಿ ಆಕೆಯನ್ನು ನಡತೆಗೆಟ್ಟವಳು ಎಂದು ಕರೆದು, ಹೆಂಗಸಿನ ಬಾಯಿಂದ ಬರುವುದಿರಲಿ, ಹೆಂಗಸಿನ ಕಿವಿಗೂ ಬೀಳಬಾರದ ಭಾಗಗಳು ಇವೆ ಎನ್ನುತ್ತಾರೆ.

ಕಾವ್ಯ ಚೆನ್ನಾಗಿದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತೀರ್ಪು ಕೊಟ್ಟಿದ್ದು ಬರೆದವಳ ಮೇಲೆ. ಆಗ ದೇವದಾಸಿ ನಾಚ್ ವಿರುದ್ಧ ಚಳುವಳಿ ನಡೀತಾ ಇತ್ತು, ಅವರೂ ಅದರಲ್ಲಿದ್ದರು. ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳಿಗೆ ಅನ್ಯಾಯ ಆಗ್ತಿದ್ದದ್ದು ಸುಳ್ಳಲ್ಲ. ಆದರೆ ಪದ್ಧತಿಯ ಮೇಲಿನ ಸಿಟ್ಟು ಅದರೊಳಗಿದ್ದು ಓದಿ ಬರೆದ ಹೆಂಗಸಿನ ಪುಸ್ತಕದ ಮೇಲೆ ತಿರುಗಿತು. ಈ ಮಾತನ್ನು ನಾವು ಸಂಘದಲ್ಲಿ ಎರಡು ಸಂಜೆ ಜಗಳ ಆಡಿದ್ದೀವಿ. ಅವರ ಕಾಲಕ್ಕೆ ಅದು ಸಹಜ ಅಂತ ಕೆಲವರು. ಅದೇ ಕಾಲದಲ್ಲಿ ನಾಗರತ್ನಮ್ಮನೂ ಇದ್ದರಲ್ಲ ಅಂತ ಉಳಿದವರು.

ನಾಗರತ್ನಮ್ಮ ಕೊಟ್ಟ ಉತ್ತರ ನಮ್ಮ ಡಿಬೇಟ್ ತಂಡಕ್ಕೆ ಪಾಠ ಮಾಡಬಹುದಾದಷ್ಟು ನೇರ. ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರ ಸಂಬಂಧಪಟ್ಟದ್ದೋ, ಗಂಡಸರಿಗೆ ಬೇಡವೋ ಎಂದು ಕೇಳಿದರು. ಗಣಿಕೆ ಬರೆದಳು ಅನ್ನುವುದೇ ತಪ್ಪಾದರೆ, ಮರ್ಯಾದಸ್ಥ ಗಂಡಸರು ಇದಕ್ಕಿಂತ ಬಿಚ್ಚಿ ಬರೆದದ್ದು ಹೇಗೆ ಸರಿಯಾಯಿತು ಎಂದು ಕೇಳಿದರು. ಅಲ್ಲಿಗೆ ನಿಲ್ಲಿಸದೆ, ವೀರೇಶಲಿಂಗಂ ಅವರೇ ಪಠ್ಯಪುಸ್ತಕವಾಗಿ ಒಪ್ಪಿದ್ದ 'ವೈಜಯಂತೀ ವಿಲಾಸಮು' ಕಾವ್ಯವನ್ನು ಎತ್ತಿ ತೋರಿಸಿದರು. ಅದರಲ್ಲೂ ಇಂಥ ವರ್ಣನೆ ಇತ್ತು. ಅದನ್ನು ಹುಡುಗರಿಗೆ ಪಾಠ ಮಾಡಬಹುದಾಗಿತ್ತು.

ವಾದದಲ್ಲಿ ಗೆದ್ದದ್ದು ಅವರು, ಆದರೆ ಪುಸ್ತಕ ಉಳಿಯಲಿಲ್ಲ. 1911ರಲ್ಲಿ ಮದ್ರಾಸ್ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಸರ್ಕಾರದ ಅನುವಾದಕರು ಕೆಲವು ಪದ್ಯಗಳು ಆಕ್ಷೇಪಾರ್ಹ ಎಂದು ವರದಿ ಕೊಟ್ಟಿದ್ದರು. ಪಂಡಿತರು ಮನವಿ ಸಲ್ಲಿಸಿದರು, ಕಾಳಿದಾಸನನ್ನೂ ಹೀಗೆ ಸೋಸಲು ಹೊರಟರೆ ಏನು ಉಳಿಯುತ್ತೆ ಅನ್ನುವ ಪ್ರಶ್ನೆ ಇರುವವರು ಆಗಲೂ ಇದ್ದರು. ಸರ್ಕಾರ ಕೇಳಲಿಲ್ಲ. ನಿಷೇಧ ತೆಗೆದದ್ದು ಟಂಗುಟೂರಿ ಪ್ರಕಾಶಂ, ಮದ್ರಾಸ್ ಪ್ರಾಂತ್ಯದ ಮುಖ್ಯಸ್ಥರಾಗಿದ್ದಾಗ, ಸ್ವಾತಂತ್ರ್ಯ ಬರುವ ಹೊತ್ತಿಗೆ. ವಾವಿಳ್ಳ ಹೊಸ ಮುದ್ರಣ ತಂದದ್ದು 1952ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ ಮೇ ತಿಂಗಳಲ್ಲಿ.

ನಡುವೆ ಅವರು ಸುಮ್ಮನೆ ಕೂತಿರಲಿಲ್ಲ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಜಾಗ ಕೊಂಡು, ಒಡವೆ ಮಾರಿ, ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಅವರ ದುಡ್ಡಿನಲ್ಲಿ ಎದ್ದ ಆ ಗುಡಿಯ ಮುಂದೆ, ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಹೆಂಗಸರದೇ ಬೇರೆ ಗುಂಪು ಕಟ್ಟಿ ಹಾಡಿಸಿದರು. 1940ರ ಹೊತ್ತಿಗೆ ಎಲ್ಲ ಒಂದಾಯಿತು. ಈ ಕಥೆ ಸಂಗೀತದವರಿಗೆಲ್ಲ ಗೊತ್ತು, ಪುಸ್ತಕದ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ.

ಒಂದು ಪಕ್ಕದ ಮಾತು. ನಂಜನಗೂಡಿನಲ್ಲೇ 1887ರಲ್ಲಿ ಇನ್ನೊಬ್ಬ ಬರಹಗಾರ್ತಿ ಹುಟ್ಟಿದರು, ನಂಜನಗೂಡು ತಿರುಮಲಾಂಬ. ಬಾಲವಿಧವೆ. 'ಸತೀ ಹಿತೈಷಿಣೀ' ಗ್ರಂಥಮಾಲೆ ನಡೆಸಿ, 'ಕರ್ನಾಟಕ ನಂದಿನಿ' ಪತ್ರಿಕೆ ತಂದವರು. ಅವರ ಕಾದಂಬರಿಯ ಮೇಲೆ ಮಾಸ್ತಿಯವರು ಬರೆದ ವಿಮರ್ಶೆಯಿಂದ ನೊಂದು ಬರೆಯುವುದನ್ನೇ ಬಿಟ್ಟರು ಎಂಬ ಮಾತು ಕನ್ನಡ ಸಾಹಿತ್ಯ ವಲಯದಲ್ಲಿ ಚಾಲ್ತಿಯಲ್ಲಿದೆ. ಮಾಸ್ತಿ ಇದ್ದದ್ದು ಗವಿಪುರದಲ್ಲಿ, ಮೌಂಟ್ ಜಾಯ್‌ನಿಂದ ಕೂಗಳತೆ. ಅವರ ಟೀಕೆಯನ್ನು 'ಶಶಿಲೇಖ'ದ ಬೈಗುಳದ ಪಕ್ಕ ಇಡುವುದು ಅನ್ಯಾಯ. ಕಾದಂಬರಿಯನ್ನು ಕಾದಂಬರಿಯಾಗಿ ಟೀಕಿಸುವ ಹಕ್ಕು ಯಾರಿಗೂ ಇದೆ. ಆದರೆ ಆಗಷ್ಟೇ ಬರೆಯಲು ಕೂತ ಒಂದು ಗುಂಪಿಗೆ ದೊಡ್ಡವರ ಒಂದು ಮಾತು ಎಷ್ಟು ಭಾರ ಆಗುತ್ತೆ ಅನ್ನೋದು ನಮಗೆ ಈಗ ಗೊತ್ತು. ತಿರುಮಲಾಂಬ 1982ರ ತನಕ ಬದುಕಿದ್ದರು.

ಮತ್ತೆ ನಾಟಕಕ್ಕೆ. ಕನ್ನಡ ರಂಗಭೂಮಿಗೆ ನಾಗರತ್ನಮ್ಮ ಹೊಸಬರಲ್ಲ. ಟಿ.ಎಸ್. ನಾಗಾಭರಣ ನಿರ್ದೇಶನದಲ್ಲಿ ಬೆನಕ ತಂಡ ಅವರ ಬದುಕಿನ ಮೇಲೆ ದೊಡ್ಡ ನಾಟಕವನ್ನೇ ಆಡಿದೆ. ನಮ್ಮದು ಅದರ ಮುಂದೆ ಏನೂ ಅಲ್ಲ. ಆದರೆ ಚಿಕ್ಕ ನಾಟಕದ ತಪ್ಪುಗಳು ಚಿಕ್ಕವಾಗಿರಬೇಕು ಅಂತೇನಿಲ್ಲ.

ಮೊದಲ ತಪ್ಪು ಪೋಸ್ಟರ್. '36 ವರ್ಷ ನಿಷೇಧಿತ ಪುಸ್ತಕದ ಕಥೆ' ಅಂತ ಕೆಂಪು ಅಕ್ಷರದಲ್ಲಿ ಹಾಕಿದ್ವಿ. ಹಾಲ್ ತುಂಬಿತು. ತುಂಬಿದವರು ಏನು ನೋಡಲು ಬಂದಿದ್ದರು ಅಂತ ಆಮೇಲೆ ಗೊತ್ತಾಯ್ತು. ಒಂದು ಕಾಲದವರು ಅಸಹ್ಯ ಅಂತ ಓದಲಿಲ್ಲ, ಈ ಕಾಲದವರು ಮಜಾ ಇರುತ್ತೆ ಅಂತ ಬಂದರು. ಎರಡರಲ್ಲೂ ರಾಧೆಯ ಹೊಟ್ಟೆ ಉರಿಯನ್ನು ಕೇಳಿಸಿಕೊಂಡವರು ಕಡಿಮೆ. ಅಭಿಪ್ರಾಯ ಬರೆದವರಲ್ಲಿ ಒಬ್ಬರು ಮಾತ್ರ, ರಾಧೆ ಇಳೆಗೆ ತಲೆ ಬಾಚುವ ದೃಶ್ಯದಲ್ಲಿ ತಮ್ಮ ಚಿಕ್ಕಮ್ಮ ನೆನಪಾದರು ಅಂತ ಬರೆದಿದ್ದರು. ಅಷ್ಟೂ ಪ್ರತಿಕ್ರಿಯೆಗಳಲ್ಲಿ ನಿಜವಾದ ವಿಮರ್ಶೆ ಅದೊಂದೇ ಅಂತ ನಮ್ಮ ಲೆಕ್ಕ.

ಎರಡನೇ ತಪ್ಪು ಇದನ್ನೆಲ್ಲ ಬರೆಯಲು ಕಾರಣವಾದದ್ದು. ನಮಗೆ ಸಿಕ್ಕ ಸಮಯ ಇಪ್ಪತ್ತೈದು ನಿಮಿಷ. ರಿಹರ್ಸಲ್‌ನಲ್ಲಿ ಮೂವತ್ತೊಂದು ಆಗ್ತಿತ್ತು. ಏನಾದರೂ ತೆಗೀಬೇಕಿತ್ತು. ಮೊದಲ ದೃಶ್ಯದಲ್ಲಿ ಮುದ್ದುಪಳನಿ ಒಬ್ಬಳೇ ನಿಂತು ತನ್ನ ಅಜ್ಜಿ ಯಾರು, ಗುರು ಯಾರು, ತಾನು ಎಂಥವಳು ಅಂತ ಪ್ರೇಕ್ಷಕರಿಗೆ ಹೇಳುತ್ತಿದ್ದಳು. ಆರು ನಿಮಿಷ. ಕಥೆ ಮುಂದೆ ಹೋಗಲ್ಲ, ಆಕ್ಷನ್ ಇಲ್ಲ, ತೆಗೆದುಬಿಡೋಣ ಅಂತ ನಾವು ಐದು ಜನ ಕೈ ಎತ್ತಿದ್ವಿ. ಸ್ಕ್ರಿಪ್ಟ್ ಬರೆದವಳು ಬೇಡ ಅಂದಳು. ಮಿಕ್ಕಿದ್ದೆಲ್ಲ ಬೇಕಾದ್ರೆ ಕಟ್ ಮಾಡಿ, ಇದು ಇರಲಿ ಅಂದಳು. ಬಹುಮತ ನಮ್ಮದಾಗಿತ್ತು.

1887ರ ಮುದ್ರಣದಲ್ಲಿ ಏನೇನು ಬಿಟ್ಟಿದ್ದರು ಅನ್ನುವುದನ್ನು ನಾವು ಸರಿಯಾಗಿ ಓದಿದ್ದು ಪ್ರದರ್ಶನ ಮುಗಿದ ಮೂರು ವಾರಕ್ಕೆ, ಈ ಲೇಖನಕ್ಕೆ ಅಂತ ಕೂತಾಗ. ಓದುತ್ತಿದ್ದವನು ಗಟ್ಟಿಯಾಗಿ ಓದಿ ನಿಲ್ಲಿಸಿದ. ಯಾರೂ ಏನೂ ಹೇಳಲಿಲ್ಲ. ಪಂಡಿತ ವೆಂಕಟನರಸು ಅವರಿಗೂ ಪುಟ ಜಾಸ್ತಿ ಆಗುತ್ತೆ ಅನ್ನಿಸಿತ್ತೋ ಏನೋ ಅಂತ ಒಬ್ಬಳು ಜೋಕ್ ಮಾಡಲು ನೋಡಿದಳು, ಅದು ನಡೀಲಿಲ್ಲ.

ಸ್ಕ್ರಿಪ್ಟ್ ಈ ಸಂಚಿಕೆಯಲ್ಲೇ ಪೂರ್ತಿ ಬರುತ್ತಿದೆ, ಮೂವತ್ತೊಂದು ನಿಮಿಷದ್ದು, ಮೊದಲ ದೃಶ್ಯ ಸಮೇತ. ಹಾಲ್‌ನಲ್ಲಿ ನೋಡಿದವರು ಅದನ್ನಾದರೂ ಓದಿ. ಮೇಲ್ಗಡೆ ಬರೆದವಳ ಹೆಸರು ಕಾಣಿಸದಿದ್ದರೆ ಅದು ನಮ್ಮ ಕೈತಪ್ಪಲ್ಲ. ಫಾರ್ಮ್‌ನ ಸ್ಕ್ರೀನ್‌ಶಾಟ್‌ಗಳು ಅವಳ ಮನೆಯ ತನಕ ಹೋಗಿವೆ, ಹೆಸರು ಹಾಕಬೇಡಿ ಅಂತ ಅವಳೇ ಕೇಳಿಕೊಂಡಿದ್ದಾಳೆ. ಹಾಕೋಣ ಅಂತ ನಾವು ಒತ್ತಾಯ ಮಾಡಲಿಲ್ಲ, ಅವಳ ಬದಲು ಧೈರ್ಯ ತೋರಿಸುವುದು ಸುಲಭ. ಈ ಲೇಖನದ ಕರಡು ಅವಳಿಗೆ ಕಳಿಸಿದ್ವಿ. ನಾಗರತ್ನಮ್ಮನವರ ಹುಟ್ಟಿದ ವರ್ಷ ತಪ್ಪು ಹಾಕಿದ್ವಿ, ತಿದ್ದಿ ಕಳಿಸಿದಳು. ಮುಂದಿನ ಮೀಟಿಂಗ್‌ಗೆ ಬರ್ತೀಯಾ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.